ಮುತ್ಯಾನ ಕೈಗೆ ಹದಿನೈದು ಕುರಿ, ಮೂರು ತೋಳ

ಪಡಸಾಲೆಯ ಪರಸಿ ಕಲ್ಲಿನ ಮೇಲೆ ಮುತ್ಯಾ, ಅಂದರೆ ನಮ್ಮಜ್ಜ, ಇದ್ದಿಲಿನಿಂದ ಗೆರೆ ಎಳೆದ. ಎಡಗೈ ಹೆಬ್ಬೆರಳನ್ನು ಒಂದು ಕಡೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದ. ಅದೇ ತುದಿ. ಅಲ್ಲಿಂದ ನಾಲ್ಕು ಗೆರೆ ಕೆಳಗೆ ಇಳಿದವು. ಪ್ರತಿ ಗೆರೆ ಮುಗಿದ ಮೇಲೆ ಇದ್ದಿಲಿನಿಂದ ಹೆಬ್ಬೆರಳನ್ನು ಹುಡುಕಿ, ಅದಕ್ಕೆ ತಾಗಿಸಿಯೇ ಮುಂದಿನದು ಶುರು ಮಾಡುತ್ತಿದ್ದ. ಆಮೇಲೆ ಮೂರು ಅಡ್ಡಗೆರೆ. ಅವು ಎರಡೂ ಕಡೆ ಹೊರಗೆ ಚಾಚಿದ್ದವು. ಚಾಚಿದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ನೆಟ್ಟಗಿನ ಗೆರೆ ಸೇರಿಸಿತು. ಕೊನೆಗೆ ಬುಡದ ಗೆರೆ.

"ತುದಿಗೆ ಒಂದ. ಆಮ್ಯಾಲ ಆರು, ಆರು, ಆರು. ಬುಡಕ್ಕ ನಾಕು. ಎಷ್ಟಾತು ನೋಡು."

ಗೆರೆಗಳು ಸೇರುವ ಜಾಗ ಎಣಿಸಿದೆ. 23. ಒಂದೂ ತಪ್ಪಿರಲಿಲ್ಲ.

ಮುತ್ಯಾನಿಗೆ ಈಗ ಕಣ್ಣಿನ ನಡುಭಾಗ ಕಾಣುವುದಿಲ್ಲ. ಅಂಚಿನಲ್ಲಿ ಬೆಳಕು, ನೆರಳು, ಯಾರೋ ಬಂದರು ಅನ್ನುವಷ್ಟು ಮಾತ್ರ ತಿಳಿಯುತ್ತದೆ. ಆತ ಎಳೆದದ್ದು ಹುಲಿ-ಕುರಿ ಆಟದ ಮಣೆ, ಮೂರು ಹುಲಿ ಹದಿನೈದು ಕುರಿ ಕಾಯಿಗಳದ್ದು. ಅದನ್ನು ಕಲಿತದ್ದು ಊರ ಗುಡಿಯ ಕಟ್ಟೆ ಮೇಲೆ. ಅಲ್ಲಿ ಗೆರೆಗಳನ್ನು ಕಲ್ಲಿನಲ್ಲೇ ಕೊರೆದಿದ್ದರಂತೆ. ಆ ಕಟ್ಟೆ, ಆ ಗುಡಿ, ನಮ್ಮ ಮನೆ, ಎಲ್ಲಾ ಆಲಮಟ್ಟಿ ಹಿನ್ನೀರಿನಲ್ಲಿ ಹೋದವು. ಈಗ ಬಾಗಲಕೋಟೆಯ ನವನಗರದ ಮನೆಯಲ್ಲಿ ನಾವಿದ್ದೇವೆ. ಮುತ್ಯಾನಿಗೆ ಹೊತ್ತು ಹೋಗುವುದಿಲ್ಲ. ರೇಡಿಯೋ ಕೇಳುತ್ತಾನೆ, ಬಾಗಿಲ ಬಳಿ ಕೂರುತ್ತಾನೆ.

ಡಿಸೆಂಬರ್‌ನಲ್ಲಿ ರಟ್ಟಿನ ಮೇಲೆ ಗೆರೆ ಎಳೆದು, ಗೋವಿನಜೋಳದ ಕಾಳು ಮತ್ತು ಹುಣಸೆ ಬೀಜ ಇಟ್ಟುಕೊಂಡು ಇಬ್ಬರೂ ಆಡಿದ್ದೆವು. ನಡೆಯಲಿಲ್ಲ. ಯಾವ ಕಾಯಿ ಎಲ್ಲಿದೆ ಅಂತ ತಿಳಿಯಲು ಮುತ್ಯಾ ಕೈ ಆಡಿಸಬೇಕು. ಕೈ ಆಡಿಸಿದರೆ ಕಾಯಿ ಸರಿಯುತ್ತದೆ. ನಾಲ್ಕನೇ ನಡೆಗೇ ಆಟ ಕಲಸಿಹೋಯಿತು. ಮುತ್ಯಾ ಏನೂ ಅನ್ನಲಿಲ್ಲ. ಕಾಳುಗಳನ್ನು ಬಟ್ಟಲಿಗೆ ತುಂಬಿ ನನ್ನ ಕಡೆ ಸರಿಸಿದ. ಅವತ್ತೇ ಇದನ್ನು ಸರಿಯಾಗಿ ಮಾಡಿಕೊಡಬೇಕು ಅಂತ ಗಟ್ಟಿ ಮಾಡಿಕೊಂಡೆ.

ಬೇಕಾದದ್ದು ಮೂರೇ. ಮುಟ್ಟಿದರೆ ಕಾಯಿ ಅಲುಗಬಾರದು. ಕುರಿ ಯಾವುದು, ಹುಲಿ ಯಾವುದು ಅಂತ ಬೆರಳಿಗೆ ತಕ್ಷಣ ಗೊತ್ತಾಗಬೇಕು. ಗೆರೆ ಕೈಗೆ ಸಿಗಬೇಕು.

ಬಾದಾಮಿಯ ಗಣಗಳು

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಹಗಲು ಕಚೇರಿ ಕೆಲಸ, ರಾತ್ರಿ ಚಿತ್ರ. ಎಂಟು ವರ್ಷದಿಂದ ನಾನು ಬರೆಯುತ್ತಿರುವುದು ಒಂದೇ ವಿಷಯ: ಬಾದಾಮಿ ಗುಹೆಗಳ ಗಣಗಳು, ಅಂದರೆ ಶಿವನ ಪರಿವಾರದ ಕುಳ್ಳರು. ಎಲ್ಲರೂ ಮೊದಲ ಗುಹೆಯಲ್ಲಿ ಹದಿನೆಂಟು ಕೈಯ ನಟರಾಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಕಣ್ಣು ಮಾತ್ರ ಯಾವಾಗಲೂ ಕೆಳಗೆ, ಜಗಲಿಯ ಪಟ್ಟಿಕೆ ಕಡೆ. ಅಲ್ಲಿ ಸಾಲಾಗಿ ಕುಳ್ಳ ಕುಳ್ಳ ಗಣಗಳು. ಕುಣಿಯುವವರು, ವಾದ್ಯ ನುಡಿಸುವವರು, ಸುಮ್ನೆ ಹೊಟ್ಟೆ ಬಿಟ್ಟುಕೊಂಡು ನಿಂತವರು. ಕೆಲವರಿಗೆ ದನದ ಮುಖ, ಕುದುರೆ ಮುಖ. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದ್ದು. ಅರಸುಮನೆತನದವರ ಹೆಸರು ಕಲ್ಲಿನಲ್ಲಿ ಉಳಿಯಿತು. ಈ ಗಣಗಳನ್ನು ಕೆತ್ತಿದ್ದು ಯಾರು ಅಂತ ನನಗೆ ಗೊತ್ತಿಲ್ಲ. ನಾನು ಆ ಕೈಗಳ ಅಭಿಮಾನಿ. ಗಣಗಳ ಸ್ಟಿಕ್ಕರ್, ಪುಸ್ತಕದ ಗುರುತು ಚೀಟಿ, ಗೋಡೆಗೆ ಹಚ್ಚುವ ಚಿತ್ರ, ಹೀಗೆ ನನ್ನ ಫ್ಯಾನ್ ಆರ್ಟ್ ಎಲ್ಲಾ ಅವರಿಗೇ.

ಎಷ್ಟೋ ಭಾನುವಾರ ಅಲ್ಲಿ ಕೂತು ಬರೆದ ಮೇಲೆ ಒಂದು ಸಂಗತಿ ತಿಳಿದಿತ್ತು. ಎಲ್ಲ ಗಣಗಳ ಎತ್ತರ ಹೆಚ್ಚುಕಡಿಮೆ ಒಂದೇ. ದಪ್ಪವೂ ಒಂದೇ. ಆದರೂ ಯಾವುದೂ ಇನ್ನೊಂದರ ಹಾಗೆ ಕಾಣುವುದಿಲ್ಲ. ಶಿಲ್ಪಿ ಬದಲಿಸಿದ್ದು ಮೂರನ್ನೇ: ಸೊಂಟ ಯಾವ ಕಡೆ ವಾಲಿದೆ, ತಲೆ ಯಾವ ಕಡೆ ತಿರುಗಿದೆ, ಕೈ ಎಲ್ಲಿದೆ. ಇನ್ನೊಂದು, ಕೈಕಾಲುಗಳ ನಡುವಿನ ಕಲ್ಲನ್ನು ಪೂರ್ತಿ ಬಿಡಿಸಿಲ್ಲ. ಬೊಂಬೆ ಕಲ್ಲಿಗೆ ಅಂಟಿಕೊಂಡೇ ಇದೆ. ಹದಿನಾಲ್ಕು ಶತಮಾನ ಕಳೆದರೂ ಇಷ್ಟಾದರೂ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಹದಿನೈದು ಕುರಿ ಮಾಡಬೇಕು, ಎಲ್ಲಾ ಒಂದೇ ಅಳತೆಯಲ್ಲಿ, ಒಂದೊಂದೂ ಬೇರೆ, ಯಾವುದೂ ಮುರಿಯಬಾರದು. ಉತ್ತರ ನನ್ನ ಸ್ಕೆಚ್‌ಬುಕ್‌ನಲ್ಲೇ ಇತ್ತು.

ಹುಲಿ ಬೇಡ

ಕುರಿ ನೋಡಲು ಅಮೀನಗಡದ ಕುರಿ ಸಂತೆಗೆ ಎರಡು ಸಲ ಹೋದೆ. ಬೆಳಗ್ಗೆ ಬೇಗ ಹೋಗಬೇಕು, ಬಿಸಿಲೇರಿದರೆ ವ್ಯಾಪಾರ ಮುಗಿದಿರುತ್ತದೆ. ಬ್ರಷ್ ಪೆನ್ನಿನಲ್ಲಿ ಬರೀ ಕಪ್ಪು ಆಕಾರ ತುಂಬಿದೆ. ಕಣ್ಣು, ಬಾಯಿ ಏನೂ ಬರೆಯಲಿಲ್ಲ. ಕಪ್ಪು ಆಕಾರ ನೋಡಿಯೇ ಯಾವ ಕುರಿ ಅಂತ ಗೊತ್ತಾದರೆ ಮಾತ್ರ ಅದು ಬೆರಳಿಗೂ ಗೊತ್ತಾಗುತ್ತದೆ ಅನ್ನುವುದು ನನ್ನ ಲೆಕ್ಕ. ಕರದಂಟು ಕಟ್ಟಿಸಿಕೊಂಡು, ನಲವತ್ತು ಪುಟ ತುಂಬಿಸಿಕೊಂಡು ಬಂದೆ.

ಮನೆಗೆ ಬಂದು ಮೊದಲ ಮಾದರಿಯನ್ನು ಮಕ್ಕಳ ಬಣ್ಣದ ಜೇಡಿಯಲ್ಲಿ ಮಾಡಿ ಮುತ್ಯಾನ ಕೈಗೆ ಕೊಟ್ಟೆ. ಆತ ಹೆಬ್ಬೆರಳಿನಿಂದ ಬೆನ್ನು ಸವರಿದ. ಹಿಂದಕ್ಕೆ ಹೋದ. ನಿಂತ.

"ಇದು ಕುರಿ ಅಲ್ಲ ತಂಗಿ, ಆಡು. ಬಾಲ ಮ್ಯಾಲ ಎತ್ತೀಯಲ್ಲ. ಕುರಿ ಬಾಲ ಕೆಳಗಿರತೈತಿ."

ಸಂತೆಯಲ್ಲಿ ಎರಡು ದಿನ ನಿಂತು ನೋಡಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸ್ಕೆಚ್ ತೆಗೆದು ನೋಡಿದರೆ ನಾನು ಬರೆದದ್ದರಲ್ಲಿ ಮೂರನೇ ಒಂದು ಭಾಗ ಆಡುಗಳೇ. ಅವತ್ತಿನಿಂದ ಮುತ್ಯಾ ಹೇಳಿದಂತೆ ತಿದ್ದುತ್ತಾ ಹೋದೆ. ನಮ್ಮ ಕಡೆಯ ಕರಿ ಕುರಿಗೆ ಮೂಗು ಉಬ್ಬಿರಬೇಕು, ನೇರ ಇರಬಾರದು. ಕಿವಿ ಜೋತು ಬಿದ್ದಿರಬೇಕು. ಟಗರಿಗೆ ಕೋಡು ಸುತ್ತಿರಬೇಕು.

ಆಮೇಲೆ ಹುಲಿಯ ಮಾತು ಬಂತು. ಹುಲಿ ಹೇಗೆ ಮಾಡಲಿ ಅಂತ ಕೇಳಿದೆ.

"ಹುಲಿ ನಾ ಎಲ್ಲಿ ನೋಡೇನವ್ವಾ? ನಮ್ಮ ಕುರಿ ತಿಂದಿದ್ದು ತೋಳ."

ನಿಜ. ನಮ್ಮದು ಕುರುಚಲು ಗುಡ್ಡದ ಬಯಲು ನಾಡು. ಬೀಳಗಿ, ಮುಧೋಳದ ನಡುವಿನ ಯಡಹಳ್ಳಿ ಚಿಂಕಾರಾ ವನ್ಯಧಾಮದ ಕಡೆ ಈಗಲೂ ತೋಳ ಇವೆ. ಕುರಿ ಕಾಯುವವರ ನಿದ್ದೆ ಕೆಡಿಸಿದ ಪ್ರಾಣಿ ಅದೇ. ಆಟದ ನಿಯಮ ಮುಟ್ಟಲಿಲ್ಲ, ಹುಲಿಯ ಜಾಗಕ್ಕೆ ತೋಳ ಬಂತು.

"ತೋಳ ತಲಿ ಎತ್ತಿ ನಡಿಯಂಗಿಲ್ಲ. ಬೆನ್ನಿನ ಸಮಾ ಹಿಡೀತೈತಿ. ಬಾಲ ಕೆಳಗ. ನಾಯಿಗತೆ ಸುತ್ತಂಗಿಲ್ಲ" ಅಂದ ಮುತ್ಯಾ. ಕೂತಲ್ಲೇ ಕತ್ತು ಮುಂದೆ ಚಾಚಿ, ಭುಜ ಎತ್ತಿ ತೋರಿಸಿದ. ಆ ಭಂಗಿಯನ್ನೇ ಬರೆದುಕೊಂಡೆ. ತೋಳದ ಮೊದಲ ಸ್ಕೆಚ್‌ಗೆ ಮಾದರಿ ನನ್ನ ಮುತ್ಯಾ.

ಮಣೆ

ಮೊದಲು ಕಂಬಳಿ ಮೇಲೆ ದಪ್ಪ ನೂಲಿನಿಂದ ಗೆರೆ ಹೊಲಿಯೋಣ ಅಂದುಕೊಂಡಿದ್ದೆ. ಹೊಲಿದೂ ನೋಡಿದೆ. ಕೈಗೆ ಗೆರೆ ಚೆನ್ನಾಗಿ ಸಿಗುತ್ತಿತ್ತು, ಆದರೆ ಉಣ್ಣೆ ಮೆತ್ತಗೆ, ಕಾಯಿ ನಿಲ್ಲಲಿಲ್ಲ. ಕಟ್ಟೆ ಕಲ್ಲಿನದಾಗಿತ್ತು ಅಲ್ವಾ, ಕಲ್ಲೇ ಇರಲಿ ಅಂತ ಪರಸಿ ಅಂಗಡಿಗೆ ಹೋದೆ. ಮುರಿದ ತುಂಡುಗಳ ರಾಶಿಯಲ್ಲಿ ಒಂದು ಬೂದು ಬಣ್ಣದ ಚಪ್ಪಡಿ ಸಿಕ್ಕಿತು. ಕತ್ತರಿಸಿದ ಮೇಲೆ 46 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ. ತೂಕ ಎಂಟೂವರೆ ಕಿಲೋ. ಜಾಸ್ತಿಯೇ. ಆದರೆ ಮುತ್ಯಾ ಕೂರುವ ಜಾಗ ಬದಲಾಗುವುದಿಲ್ಲ, ಮಣೆಯೂ ಅಲ್ಲೇ ಇರುತ್ತದೆ. ಭಾರ ಇದ್ದರೆ ಅದೂ ಅಲುಗುವುದಿಲ್ಲ.

ಕಾಗದದ ಮೇಲೆ ಗೆರೆ ಹಾಕಿದಾಗ ಒಂದು ತೊಡಕು ಬಂತು. ಬುಡದ ನಾಲ್ಕು ಮನೆಗಳ (ಗೆರೆ ಸೇರುವ, ಕಾಯಿ ಕೂರುವ ಜಾಗಗಳ) ನಡುವೆ 90 ಮಿ.ಮೀ. ಇಟ್ಟುಕೊಂಡು, ಅಡ್ಡಗೆರೆಗಳನ್ನು ಸಮ ಅಂತರದಲ್ಲಿ ಎಳೆದೆ. ತುದಿಯ ಕಡೆ ಹೋದಷ್ಟೂ ನಾಲ್ಕು ಗೆರೆಗಳು ಹತ್ತಿರ ಬರುತ್ತವೆ. ಮೊದಲ ಅಡ್ಡಗೆರೆಯಲ್ಲಿ ಮನೆಯಿಂದ ಮನೆಗೆ ಬರೀ 22.5 ಮಿ.ಮೀ. ನನ್ನ ಕಾಯಿಯ ಬುಡವೇ 25 ಮಿ.ಮೀ. ಇತ್ತು. ಎರಡು ಕಾಯಿ ಪಕ್ಕಪಕ್ಕ ಕೂರುವುದೇ ಇಲ್ಲ. ಮಣೆ ದೊಡ್ಡದು ಮಾಡಿದರೆ ಮುತ್ಯಾನ ಕೈ ಬುಡದಿಂದ ತುದಿಗೆ ಎಟುಕುವುದಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಪಡಸಾಲೆಗೆ ಹೋಗಿ, ಇನ್ನೂ ಅಳಿಸದೆ ಬಿಟ್ಟಿದ್ದ ಇದ್ದಿಲಿನ ಗೆರೆ ಅಳೆದೆ. ತುದಿಯಿಂದ ಮೊದಲ ಅಡ್ಡಗೆರೆಗೆ ಒಂದು ಗೇಣು. ಉಳಿದ ಗೆರೆಗಳ ನಡುವೆ ಅರ್ಧರ್ಧ ಗೇಣು. ಮುತ್ಯಾ ಅದನ್ನು ಆಗಲೇ ಬಿಡಿಸಿಟ್ಟಿದ್ದ. ಊರ ಕಟ್ಟೆಯಲ್ಲಿ ಕಲ್ಲಿನ ಹರಳಿಟ್ಟು ಆಡಿದವರಿಗೂ ಇದೇ ಇಕ್ಕಟ್ಟು ಬಂದಿರಬೇಕು.

ಅದೇ ಲೆಕ್ಕ ಹಿಡಿದೆ. ಒಟ್ಟು ಎತ್ತರ 400 ಮಿ.ಮೀ. ತುದಿಯಿಂದ 160ಕ್ಕೆ ಮೊದಲ ಗೆರೆ, ಆಮೇಲೆ 240, 320, ಕೊನೆಗೆ 400ಕ್ಕೆ ಬುಡ. ಹೀಗೆ ಮಾಡಿದರೆ ಮನೆಗಳ ನಡುವಿನ ಅಂತರ ಮೇಲಿನಿಂದ ಕೆಳಗೆ 36, 54, 72, 90 ಮಿ.ಮೀ. ಆಗುತ್ತದೆ. ಹೊರಗಿನ ಎರಡು ನೆಟ್ಟಗೆರೆಗಳ ನಡುವೆ 300. ಎಲ್ಲ ಕಡೆ ಬೆರಳು ತೂರಲು ಜಾಗ ಸಿಕ್ಕಿತು.

ಗೆರೆಗಳನ್ನು ಪರಸಿ ಕತ್ತರಿಸುವ ಹುಡುಗ ಗ್ರೈಂಡರ್‌ನಲ್ಲಿ 2 ಮಿ.ಮೀ. ಆಳಕ್ಕೆ ಹೊಡೆದುಕೊಟ್ಟ. ಮನೆಗಳನ್ನು ನಾನೇ ಕೊರೆದೆ. ಗೋಡೆ ಕೊರೆಯುವ 12 ಮಿ.ಮೀ. ಡ್ರಿಲ್ ಬಿಟ್‌ನಿಂದ, 4 ಮಿ.ಮೀ. ಆಳ. ಮೊದಲ ಚಪ್ಪಡಿಯಲ್ಲಿ ಡ್ರಿಲ್ಲನ್ನು ಗೋಡೆಗೆ ಹೊಡೆಯುವ ಹಾಗೆ ಹ್ಯಾಮರ್‌ಗೆ ಇಟ್ಟಿದ್ದೆ. ಹತ್ತೊಂಬತ್ತು ಕುಳಿ ಆದವು. ಇಪ್ಪತ್ತನೆಯದು ತುದಿಯ ಮನೆ, ಅಂಚಿಗೆ ಹತ್ತಿರ. ಟಕ್ ಅಂತ ಸದ್ದಾಗಿ ಕಲ್ಲು ಅಡ್ಡಕ್ಕೆ ಸೀಳಿತು. ಎರಡನೇ ಚಪ್ಪಡಿ ತಂದು, ಹ್ಯಾಮರ್ ಬಂದ್ ಮಾಡಿ, ಬರೀ ತಿರುಗಣೆಯಲ್ಲಿ, ಹನಿ ಹನಿ ನೀರು ಬಿಡುತ್ತಾ ಕೊರೆದೆ. ಒಂದು ಕುಳಿಗೆ ಆರೇಳು ನಿಮಿಷ. ಇಡೀ ಭಾನುವಾರ ಹೋಯಿತು. ಕಲ್ಲು ಉಳಿಯಿತು. ಪರಸಿ ಕೊರೆಯುವವರು ಯಾರಾದರೂ ಇದ್ದರೆ ಅಂಚಿನ ಕುಳಿಗಳನ್ನು ಮೊದಲು ಕೊರೆಯಿರಿ. ಒಡೆಯುವುದಾದರೆ ಶುರುವಿನಲ್ಲೇ ಒಡೆಯಲಿ.

ಕಾಯಿಯ ಒಳಗೆ ಬೋಲ್ಟು

ಕಾಯಿ ಕುಳಿಯಲ್ಲಿ ಕೂರಬೇಕಾದರೆ ಬುಡದಲ್ಲಿ ಏನಾದರೂ ಮೊಳೆಯಂಥದ್ದು ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ 6 ಎಂಎಂ ಬೋಲ್ಟ್ ಕೈಯಲ್ಲಿ ಹಿಡಿದು ನಿಂತಾಗ ಹೊಳೆಯಿತು. ಅದರ ತಲೆಗೆ 10 ನಂಬರ್ ಪಾನಾ ಹಿಡಿಯುತ್ತದೆ, ಎತ್ತರ 4 ಮಿ.ಮೀ. 12ರ ಕುಳಿಯಲ್ಲಿ ಸರಿಯಾಗಿ ಇಳಿಯುತ್ತದೆ. ಬೋಲ್ಟನ್ನು ತಲೆ ಕೆಳಗೆ ಮಾಡಿ ನಿಲ್ಲಿಸಿದೆ. ಅದರ ಮೇಲೆ 25 ಮಿ.ಮೀ. ಅಗಲದ ಮಡ್‌ಗಾರ್ಡ್ ವಾಷರ್, ಮೇಲೊಂದು ನಟ್ ಬಿಗಿದೆ. ತಲೆ ಕುಳಿಯಲ್ಲಿ, ವಾಷರ್ ಕಲ್ಲಿನ ಮೇಲೆ, ಒಂದೂವರೆ ಇಂಚಿನ ಮರೆ (ಬೋಲ್ಟಿನ ಸುತ್ತುಗೆರೆಯ ಕಡ್ಡಿ) ಮೇಲಕ್ಕೆ. ಆ ಮರೆಯೇ ಕುರಿಯ ಬೆನ್ನುಮೂಳೆ. ಬೆರಳಿನಿಂದ ದೂಡಿದರೂ ಕಾಯಿ ಜಾಗ ಬಿಡುವುದಿಲ್ಲ, ಎತ್ತಿದರೆ ಸಲೀಸಾಗಿ ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಇದು. ಹದಿನೆಂಟು ಜೊತೆಗೆ ₹180 ಆಯಿತು.

ಮೈ ತುಂಬಲು ಕಾಗದದ ಹಿಟ್ಟು. ಹಳೆ ಪೇಪರ್ ಹರಿದು ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ತಿರುವಿ, ಹಿಂಡಿ ತೆಗೆದೆ. ಎರಡು ಪಾಲು ಅದಕ್ಕೆ ಒಂದು ಪಾಲು ಜರಡಿ ಹಿಡಿದ ಕಟ್ಟಿಗೆ ಹೊಟ್ಟು. ಅಂಟಿಗೆ ಹುಣಸೆ ಬೀಜದ ಸರಿ, ಅಂದರೆ ಗಂಜಿ. ಕೊಪ್ಪಳದ ಕಿನ್ನಾಳ ಬೊಂಬೆಗೆ ಬಳಸುವ ಅಂಟು ಇದೇ. ಬೀಜ ಹುರಿದು, ಕಂದು ಸಿಪ್ಪೆ ಬಿಡಿಸಿ, ಒಳಗಿನ ಬಿಳಿ ಬೇಳೆಯನ್ನು ಪುಡಿ ಮಾಡಬೇಕು. ಒಂದು ಬಟ್ಟಲು ಪುಡಿಗೆ ಆರು ಬಟ್ಟಲು ನೀರು, ಸಣ್ಣ ಉರಿ, ಅರ್ಧ ಗಂಟೆ ಕೈ ಬಿಡದೆ ತಿರುವಬೇಕು. ಗಂಟಾದರೆ ಮುಗಿಯಿತು. ವಾಸನೆ ಬಂದ ಕೂಡಲೇ ಮುತ್ಯಾ ಒಳಮನೆಯಿಂದ ಕೂಗಿದ, "ಕಂಬಳಿಗೆ ಸರಿ ಹಚ್ಚಾಕತ್ತೀರೇನು?" ಕಂಬಳಿ ನೂಲು ಗಟ್ಟಿಯಾಗಲಿ ಅಂತ ನೇಯುವವರು ಹಚ್ಚುವುದೂ ಇದನ್ನೇ. ಬಂದು ಪಾತ್ರೆಯಲ್ಲಿ ಬೆರಳು ಅದ್ದಿ, ಹೆಬ್ಬೆರಳಿಗೆ ತಾಗಿಸಿ ಬಿಡಿಸಿ, ಎಳೆ ಬರುತ್ತದಾ ನೋಡಿದ. ಇನ್ನೂ ಕುದಿಯಲಿ ಅಂದ. ಹತ್ತು ನಿಮಿಷ ಜಾಸ್ತಿ ಕುದಿಸಿದೆ. ಆತ ಹೇಳಿದ್ದೇ ಸರಿ.

ಎಲ್ಲ ಸೇರಿಸಿ ಜೋಳದ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿದೆ. ಬೋಲ್ಟಿನ ಸುತ್ತ ಸ್ವಲ್ಪ ಸ್ವಲ್ಪವೇ ಮೆತ್ತಿದೆ. ನಾಲ್ಕು ಕಾಲನ್ನೂ ಬಿಡಿಬಿಡಿಯಾಗಿ ಮಾಡಲಿಲ್ಲ. ಬಾದಾಮಿಯ ಶಿಲ್ಪಿಯ ಹಾಗೆ ನಡುವಿನ ಗಟ್ಟಿ ಬಿಟ್ಟು, ಮೇಲೆ ಗೆರೆ ಕೊರೆದು ಕಾಲು ತೋರಿಸಿದೆ. ಒಂದು ಮೇಯುವ ಕುರಿ, ಒಂದು ಹಿಂದಕ್ಕೆ ತಿರುಗಿ ನೋಡುವುದು, ಒಂದು ಕೊರಳಲ್ಲಿ ಗಂಟೆ ಇರುವುದು, ಒಂದು ಗಬ್ಬದ ಕುರಿ, ಒಂದು ಈಗಷ್ಟೇ ಉಣ್ಣೆ ಕತ್ತರಿಸಿದ್ದು. ಹೀಗೆ ಹದಿನೈದು. ಬದಲಿಸಿದ್ದು ಕತ್ತು, ಕಿವಿ, ಬೆನ್ನು, ಅಷ್ಟೇ.

ತೋಳಕ್ಕೆ ಇನ್ನೊಂದು ಕಷ್ಟ. ಆಟದ ಶುರುವಿಗೆ ಒಂದು ತೋಳ ತುದಿಯಲ್ಲಿ, ಎರಡು ಮೊದಲ ಅಡ್ಡಗೆರೆಯ ನಡುವಿನ ಮನೆಗಳಲ್ಲಿ ನಿಲ್ಲುತ್ತವೆ. ಅಲ್ಲೇ ಅಂತರ 36 ಮಿ.ಮೀ. ಉದ್ದ ಮೈ ಮಾಡಿದರೆ ಒಂದಕ್ಕೊಂದು ತಾಗುತ್ತವೆ. ಹಾಗಾಗಿ ಉದ್ದ 34ಕ್ಕೆ ನಿಲ್ಲಿಸಿ ಎತ್ತರ 55ಕ್ಕೆ ಒಯ್ದೆ. ಕುರಿ 45 ಮಾತ್ರ. ಕಾಲು ಉದ್ದ, ಹೊಟ್ಟೆ ಒಳಗೆ, ಕತ್ತು ಪಕ್ಕಕ್ಕೆ ಹೊರಳಿಸಿ ತಲೆಯನ್ನು ಬೆನ್ನಿನ ಮಟ್ಟಕ್ಕೆ ತಂದೆ. ಆ ಹೊರಳು ಎರಡನೇ ಗುಹೆಯ ಒಂದು ಗಣದಿಂದ ಕಲಿತದ್ದು.

ತುತ್ತದ ತಪ್ಪು

ಸರಿಗೆ ಬೂಸ್ಟು ಬರುತ್ತದೆ, ಹುಳ ಹಿಡಿಯುತ್ತದೆ. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುವುದು ಗೊತ್ತಿತ್ತು. ನಾನೂ ಒಂದು ಚಿಟಿಕೆ ಹಾಕಿದೆ. ಮೊದಲ ಏಳು ಕುರಿ ಒಣಗಿದವು. ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಿಳಿ ಲೇಪ ಕೊಟ್ಟೆ. ಚಂದ ಕಂಡವು. ಮೂರನೇ ದಿನ ನೋಡಿದರೆ ಎಲ್ಲದರ ಬುಡದಲ್ಲಿ ಕಂದು ಕಲೆ. ನಾಲ್ಕನೇ ದಿನಕ್ಕೆ ಕಲೆ ಹೊಟ್ಟೆಯವರೆಗೆ ಏರಿತು. ಒಂದನ್ನು ಒಡೆದೆ. ಬೋಲ್ಟಿನ ಮರೆಯ ಮೇಲೆ ತಾಮ್ರದ ಬಣ್ಣದ ಪೊರೆ, ಅದರ ಕೆಳಗೆ ಹುಡಿಹುಡಿ ತುಕ್ಕು. ಹಿಟ್ಟು ಬೋಲ್ಟನ್ನು ಬಿಟ್ಟು ಗಡಗಡ ಅಲ್ಲಾಡುತ್ತಿತ್ತು.

ತುತ್ತ ಅಂದರೆ ತಾಮ್ರದ ಉಪ್ಪು. ಒದ್ದೆಯಲ್ಲಿ ಅದಕ್ಕೆ ಕಬ್ಬಿಣ ಸಿಕ್ಕರೆ ತಾಮ್ರ ಬಂದು ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೊರಗೆ ಹೋಗುತ್ತದೆ. ಶಾಲೆಯ ಪ್ರಯೋಗದಲ್ಲಿ ನೀಲಿ ನೀರಿಗೆ ಮೊಳೆ ಹಾಕಿ ನೋಡಿದ್ದೇ ಇದು. ಪುಸ್ತಕದಲ್ಲಿ ಕಬ್ಬಿಣ ಇರುವುದಿಲ್ಲ, ಅದಕ್ಕೇ ಅಲ್ಲಿ ನಡೆಯುತ್ತದೆ. ಅದಲ್ಲದೆ ತುತ್ತ ವಿಷ. ದಿನವಿಡೀ ಮುತ್ಯಾ ಬೆರಳಿನಿಂದ ಮುಟ್ಟುವ ವಸ್ತುವಿಗೆ ಅದನ್ನು ಹಾಕಿದ್ದೇ ತಪ್ಪು. ಏಳನ್ನೂ ಒಡೆದೆ. ಮನಸ್ಸಿಗೆ ಬಹಳ ನೋವಾಯಿತು. ಅದರಲ್ಲಿ ಗಬ್ಬದ ಕುರಿ ತುಂಬಾ ಚೆನ್ನಾಗಿ ಬಂದಿತ್ತು.

ಬೋಲ್ಟುಗಳನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ತೊಳೆದು ಒಣಗಿಸಿ, ಎಲ್ಲದಕ್ಕೂ ಉಗುರು ಬಣ್ಣ ಎರಡು ಸಲ ಹಚ್ಚಿದೆ. ಬಣ್ಣ ಒಣಗುವ ಮೊದಲೇ ಮರೆಗೆ ಹತ್ತಿ ನೂಲು ಸುತ್ತಿದೆ, ಹಿಟ್ಟು ಹಿಡಿದುಕೊಳ್ಳಲಿ ಅಂತ. ತುತ್ತದ ಬದಲು ಸರಿಗೆ ನಾಲ್ಕು ಹನಿ ಲವಂಗದ ಎಣ್ಣೆ. ಸರಿಯನ್ನು ಎರಡು ದಿನಕ್ಕೆ ಬೇಕಾದಷ್ಟೇ ಮಾಡಿಕೊಂಡೆ.

ಅಷ್ಟರಲ್ಲಿ ಏಪ್ರಿಲ್ ಬಂತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಅಂಗಳದಲ್ಲಿ ಇಟ್ಟ ಕುರಿ ಮಧ್ಯಾಹ್ನದೊಳಗೆ ಬಿರುಕು ಬಿಟ್ಟಿತು. ಹೊರಗೆ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಆಮೇಲೆ ಒಂದು ಸಲಕ್ಕೆ 3 ಮಿ.ಮೀ.ಗಿಂತ ದಪ್ಪ ಮೆತ್ತಲಿಲ್ಲ. ನೆರಳಲ್ಲಿ, ಬುಟ್ಟಿ ಮುಚ್ಚಿ, ಒಂದು ಪದರಕ್ಕೆ ಒಂದು ದಿನ ಕೊಟ್ಟೆ. ಒಂದು ಕಾಯಿಗೆ ನಾಲ್ಕೈದು ದಿನ.

ಬಿದಿರ ಕಟ್ಟು

ಕಾಲು ಬಿಡಿಸಬಾರದು ಅಂತ ನಿಯಮ ಹಾಕಿಕೊಂಡವಳು ಒಂದೇ ಕಡೆ ಮುರಿದೆ. ಮುಂಗಾಲು ಎತ್ತಿ ನೆಲ ಕೆರೆಯುವ ಟಗರು. ಅಷ್ಟು ಚಂದದ ಭಂಗಿ, ಬಿಡಲು ಮನಸ್ಸಾಗಲಿಲ್ಲ. ಒಣಗಿದ ಮೇಲೆ ತಿಕ್ಕುವಾಗ ಕಾಲು ಮೊಣಕಾಲಿನ ಹತ್ತಿರ ಮುರಿದು ಜೋತಾಡಿತು. ಬೇರೆಯದು ಮಾಡುತ್ತೇನೆ ಅಂದೆ.

"ಕಾಲ ಮುರದ್ರ ಕುರಿ ಒಗೀತಾರೇನು? ಕಟ್ಟು ಹಾಕು."

ಮುತ್ಯಾ ನನ್ನ ಕಿರುಬೆರಳನ್ನೇ ಕಾಲು ಅಂತ ಹಿಡಿದು ತೋರಿಸಿದ. ಮೊದಲು ಕಾಲು ನೆಟ್ಟಗೆ ಎಳೆದು ಕೂಡಿಸಬೇಕು. ಬಟ್ಟೆ ಒಂದು ಸುತ್ತು. ಅದರ ಮೇಲೆ ಬಿದಿರ ಸೀಳು, ಎರಡು ಕಡೆ. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಕಟ್ಟಿನೊಳಗೆ ಬರಬೇಕು, ಇಲ್ಲದಿದ್ದರೆ ಕುರಿ ಕಾಲು ಆಡಿಸಿ ಮತ್ತೆ ಬಿಡಿಸಿಕೊಳ್ಳುತ್ತದೆ. ತೀರಾ ಬಿಗಿದರೆ ಕಾಲು ಬಾತುಕೊಳ್ಳುತ್ತದೆ. ಇಷ್ಟನ್ನೂ ನನ್ನ ಬೆರಳಿಗೆ ಕರವಸ್ತ್ರ ಸುತ್ತಿ ಕಲಿಸಿದ.

ಹಾಗೇ ಮಾಡಿದೆ. ಊದುಬತ್ತಿಯ ಕಡ್ಡಿ ಬಿದಿರಿನದು. ಅದನ್ನು ಬ್ಲೇಡಿನಿಂದ ಸೀಳಿ 9 ಮಿ.ಮೀ.ನ ಎರಡು ಪಟ್ಟಿ ತೆಗೆದೆ. ಮುರಿದ ಜಾಗಕ್ಕೆ ಸರಿ ಹಚ್ಚಿ ಕೂಡಿಸಿ, ಹಳೆ ಇಳಕಲ್ ಸೀರೆಯ ಅಂಚಿನಿಂದ ಎಳೆದ ನೂಲು ಸುತ್ತಿ, ಪಟ್ಟಿ ಇಟ್ಟು, ಮತ್ತೆ ಸುತ್ತಿದೆ. ಮೇಲೆ ತೆಳ್ಳಗೆ ಸರಿ. ಈಗ ಆ ಕಾಲು ಬೇರೆ ಎಲ್ಲ ಭಾಗಕ್ಕಿಂತ ಗಟ್ಟಿ. ಕಟ್ಟಿನ ಮೇಲೆ ಬಣ್ಣ ಹಚ್ಚಲಿಲ್ಲ. ನೂಲಿನ ಕೆಂಪು ಹಾಗೇ ಕಾಣುತ್ತದೆ, ಬೆರಳಿಗೂ ಸಿಗುತ್ತದೆ.

ಉಣ್ಣೆ, ಬಣ್ಣ

ಕುರಿಗೆ ನಿಜವಾದ ಉಣ್ಣೆ ಅಂಟಿಸಿ ನೋಡಿದೆ. ಮುಟ್ಟಲು ಹಿತವಾಗಿತ್ತು, ಆದರೆ ಎರಡೇ ದಿನಕ್ಕೆ ಎಳೆ ಕಿತ್ತು ಬಂತು. ಬೇರೆ ದಾರಿ ಹಿಡಿದೆ. ಕೊನೆಯ ಪದರ ಹಸಿ ಇರುವಾಗಲೇ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೈಯೆಲ್ಲಾ ತಟ್ಟಿದೆ. ಒಣಗಿದ ಮೇಲೆ ಒರಟು ಗುಂಗುರು ಉಳಿಯಿತು. ಮುಖ ಮತ್ತು ಕಾಲು ಮಾತ್ರ ನುಣುಪು. ತೋಳಕ್ಕೆ ಬಿಳಿ ಲೇಪ ಮೂರು ಸಲ ಕೊಟ್ಟು, ಹೊಳೆಯ ನುಣುಪು ಕಲ್ಲಿನಿಂದ ತಿಕ್ಕಿದೆ. ಗಾಜಿನಷ್ಟು ನಯ. ಈಗ ಆಕಾರ ತಿಳಿಯುವ ಮೊದಲೇ ಮೈ ತಿಳಿಯುತ್ತದೆ. ಒರಟು ಕುರಿ, ನಯ ತೋಳ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೋಸ್ಟರ್ ಕಲರ್. ಕುರಿಗೆ ಕಪ್ಪು, ತೋಳಕ್ಕೆ ಒಣ ಹುಲ್ಲಿನ ಬಣ್ಣ. ಬೂದು ಕಲ್ಲಿನ ಮೇಲೆ ಎರಡೂ ಎದ್ದು ಕಾಣುತ್ತವೆ, ಮುತ್ಯಾನ ಕಣ್ಣಂಚಿಗೂ ಕಪ್ಪು-ಬಿಳುಪಿನ ವ್ಯತ್ಯಾಸ ಸಿಗುತ್ತದೆ. ಮೇಲೆ ಅರಗಿನ ಸ್ಪಿರಿಟ್ ಪಾಲಿಶ್ ಕೊಟ್ಟಿದ್ದೆ. ಯಾರೋ ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಮುಟ್ಟಿದಾಗ ಅಂಟಂಟಾಯಿತು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಸ್ಯಾನಿಟೈಸರ್‌ನಲ್ಲೂ ಅದೇ ಇರುವುದು. ಅದನ್ನು ತೆಗೆದು ನೀರಿನ ವಾರ್ನಿಶ್ ಹಚ್ಚಿದೆ.

ಮೇ ತಿಂಗಳ ಕೊನೆಯ ಶನಿವಾರ ಮಣೆ ಇಟ್ಟೆವು. ನಾನು ತೋಳ, ಮುತ್ಯಾ ಕುರಿ. ಹದಿನೆಂಟು ಕಾಯಿಯೂ ಮಣೆ ಏರಿದರೆ ಖಾಲಿ ಉಳಿಯುವುದು ಐದೇ ಮನೆ. ತೋಳ ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಹೋದರೆ ಆ ಕುರಿ ಹೋಯಿತು. ಕುರಿಗಳು ಒತ್ತಾಗಿ ನಿಂತು ಮೂರೂ ತೋಳಕ್ಕೆ ದಾರಿ ಕಟ್ಟಿದರೆ ಗೆಲುವು ಕುರಿಗಳದ್ದು. ಮುತ್ಯಾ ಪ್ರತಿ ನಡೆಗೂ ಮೊದಲು ಎಡಗೈಯನ್ನು ತುದಿಯಿಂದ ಬುಡದವರೆಗೆ ಇಳಿಸುತ್ತಿದ್ದ. ಬೆರಳು ಕಾಯಿಗಳ ನಡುವೆ ಹಾದು ಹೋಗುತ್ತಿತ್ತು. ಒಂದೂ ಅಲುಗಲಿಲ್ಲ. ಎರಡನೇ ಅಡ್ಡಗೆರೆಯಲ್ಲಿ ನಿಂತು, "ಇದು ಟಗರು, ಕಟ್ಟು ಹಾಕಿದ್ದು. ಇದರ ಹಿಂದ ಯಾರೂ ಇಲ್ಲ" ಅಂತ ತನಗೇ ಹೇಳಿಕೊಂಡು, ಗಂಟೆಯ ಕುರಿಯನ್ನು ತಂದು ಅದರ ಬೆನ್ನಿಗೆ ನಿಲ್ಲಿಸಿದ. ನನ್ನ ತೋಳಕ್ಕೆ ಹಾರಲು ಜಾಗ ಉಳಿಯಲಿಲ್ಲ.

ನಾನು ಹೊಡೆದ ಮೂರು ಕುರಿಗಳನ್ನು ಪಕ್ಕಕ್ಕೆ ಇಡಲು ಹೋದರೆ, ಕೆಳಗೆ ಇಡಬೇಡ, ಕೈಗೆ ಕೊಡು ಅಂದ. ಆಟ ಮುಗಿಯುವವರೆಗೂ ಅವು ಆತನ ಮಡಿಲಲ್ಲೇ ಇದ್ದವು. ಒಂದು ಗಂಟೆ ಹತ್ತು ನಿಮಿಷ ಆಡಿದೆವು. ಮೂರು ತೋಳವೂ ಮೇಲಿನ ಮೂಲೆಯಲ್ಲಿ ಸಿಕ್ಕಿಬಿದ್ದವು.

ಆಮೇಲೆ ಮುತ್ಯಾ ಕುರಿಗಳನ್ನು ಒಂದೊಂದೇ ಎತ್ತಿ, ಬೆನ್ನು ಸವರಿ, ಡಬ್ಬಿಗೆ ಹಾಕುತ್ತಾ ಎಣಿಸಿದ.

"ಹದಿನಾಕ ಅದಾವ."

ನಾಳೆ ಹುಡುಕೋಣ ಅಂದೆ. ಆತ ಏಳಲಿಲ್ಲ. ಟಾರ್ಚ್ ತಂದು ಮೊಣಕಾಲೂರಿ ನೋಡಿದೆ. ಗಬ್ಬದ ಕುರಿ ಮಡಿಲಿನಿಂದ ಜಾರಿ ಮಂಚದ ಕೆಳಗೆ ಹೋಗಿತ್ತು. ಎಡಗಿವಿಯ ತುದಿ ಒಡೆದಿತ್ತು. ಕೈಗೆ ಕೊಟ್ಟೆ. ಮುತ್ಯಾ ಕಿವಿ ಮುಟ್ಟಿ ನೋಡಿ ಡಬ್ಬಿಗೆ ಹಾಕಿದ. ಅಡುಗೆಮನೆಯಲ್ಲಿ ಒಂದು ಬಟ್ಟಲು ಸರಿ ಉಳಿದಿದೆ, ಬೆಳಗ್ಗೆ ಕಚೇರಿಗೆ ಹೋಗುವ ಮೊದಲು ಕಿವಿ ಹಚ್ಚಬೇಕು.